ಕಡೆಯ ಬೆಂಚಿನ ಮಹನೀಯರು

ಪಾಠಶಾಲೆಯೆಂಬುದು ಲೋಕದಲ್ಲಿ ಹುಟ್ಟಿದಂದಿನಿಂದಲೂ ಅದಕ್ಕೆ ಹೊಂದಿಕೊಳ್ಳದ ಹುಡುಗರೂ ಹುಟ್ಟುತ್ತಲೇ ಬಂದಿರುವರು. ಪಂಚತಂತ್ರದ ಪೀಠಿಕೆಯನ್ನೇ ನೋಡಬಹುದು. ಅಮರಶಕ್ತಿಯೆಂಬ ಅರಸನಿಗೆ ಮೂವರು ಮಕ್ಕಳು; ಮೂವರಿಗೂ ಶಾಸ್ತ್ರವೆಂದರೆ ಆಗದು. ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷಗಳು ಬೇಕೆಂದು ಮಂತ್ರಿಗಳು ಲೆಕ್ಕ ಹಾಕುತ್ತಿರಲು, ವಿಷ್ಣುಶರ್ಮನೆಂಬ ವೃದ್ಧನು ಆರು ತಿಂಗಳ ಗಡುವನ್ನು ಪಡೆದು, ಆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಕಾಗೆ ನರಿಗಳ ಕಥೆಗಳನ್ನು ಹೇಳತೊಡಗಿದನು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠ ಹೇಳಿ ಈಗ ವಿಶ್ರಾಂತರಾಗಿರುವ ನಮಗೆ, ಮುಂದಿನ ಕಥೆಗಳೆಲ್ಲಕ್ಕಿಂತ ಈ ಪೀಠಿಕೆಯೇ ಹೆಚ್ಚು ರುಚಿಸುವುದು.

ಇದೇ ಜಾತಿಯ ಕಥೆಯೊಂದನ್ನು ಮತ್ತೊಮ್ಮೆ ನೋಡುವ ಯೋಗವು ಈ ಬೇಸಗೆಯಲ್ಲಿ ನಮಗೆ ಒದಗಿತು. ಹನ್ನೆರಡು ವರ್ಷದ ನಮ್ಮ ಮೊಮ್ಮಗನು ರಜೆಗೆಂದು ಬೆಂಗಳೂರಿನಿಂದ ವೈ.ಎನ್. ಹೊಸಕೋಟೆಗೆ ಬಂದಿದ್ದನು. ಅವನೊಡನೆ ನಮ್ಮ ಮಗಳ ಪ್ರಶ್ನೆಯೊಂದೂ ಬಂದಿದ್ದಿತು. “ಅಪ್ಪ, ಇವನು ತರಗತಿಯಲ್ಲಿ ಯಾರೊಡನೆಯೂ ಸೇರುವುದಿಲ್ಲವಂತೆ. ಅಂಕಗಳೂ ಇಳಿದಿವೆ. ದೂರದ ವಸತಿ ಶಾಲೆಗೆ ಹಾಕಿದರೆ ಸರಿಹೋದಾನು ಎಂದು ನಿಮ್ಮ ಅಳಿಯಂದಿರು ಹೇಳುತ್ತಾರೆ. ನೀವು ಏನು ಹೇಳುತ್ತೀರಿ?” ಎಂದು ಆಕೆಯು ಕೇಳಿದ್ದಳು. ಉತ್ತರವನ್ನು ಅವಸರದಿಂದ ಕೊಡಲು ನಮಗೆ ಮನಸ್ಸಾಗಲಿಲ್ಲ. ಸಂಜೆಯ ಹೊತ್ತು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಮಾಲ್ಗುಡಿ ಡೇಸ್’ ಮಾಲಿಕೆಯಲ್ಲಿನ ಸ್ವಾಮಿಯ ಕಥೆಯನ್ನು ಹಚ್ಚಿದೆವು.

ಶಂಕರನಾಗರು ನಿರ್ದೇಶಿಸಿದ ಈ ಮಾಲಿಕೆಯು ದೂರದರ್ಶನದಲ್ಲಿ ಬಂದದ್ದು ೧೯೮೦ರ ದಶಕದ ಉತ್ತರಾರ್ಧದಲ್ಲಿ. ಆಗ ನಾವು ಸಂಸ್ಕೃತ ವ್ಯಾಸಂಗವನ್ನು ಮುಗಿಸುತ್ತಿದ್ದ ತರುಣರು. ನಮ್ಮ ಬೀದಿಗೆಲ್ಲ ಒಂದೇ ದೂರದರ್ಶನ ಪೆಟ್ಟಿಗೆ. ಪಾವಗಡ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರದಿಂದಲೇ ಸುತ್ತುವರಿದಿರುವುದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೆಟ್ಟಿಗೆಯಲ್ಲಿ ಹಿಂದಿ. ಮಾತು ಅರ್ಧ ತಿಳಿಯದಿದ್ದರೂ, ಮಳೆಗಾಗಿ ಆಕಾಶವನ್ನು ನೋಡುವ ನಮ್ಮ ಸೀಮೆಯ ಜನರು ಆಗುಂಬೆಯ ಹಸುರನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಲ್. ವೈದ್ಯನಾಥನ್ ಅವರ ರಾಗವು ಕೇಳಿಬಂದೊಡನೆ ಮಗ್ಗದ ಮೇಲೆ ಕುಳಿತವರೂ ಲಾಳಿಯನ್ನು ಬದಿಗಿಟ್ಟು ಎದ್ದು ಬರುತ್ತಿದ್ದುದುಂಟು.

ಕಥೆಯು ಆರ್.ಕೆ. ನಾರಾಯಣರು ೧೯೩೫ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯದು. ಸ್ವಾಮಿಗೆ ಲೆಕ್ಕ ಬಾರದು. ಮಣಿಗೆ ತೋಳ್ಬಲವೊಂದನ್ನುಳಿದು ಮತ್ತೇನೂ ಬಾರದು. ಪೋಲೀಸ್ ಅಧಿಕಾರಿಯ ಮಗನಾದ ರಾಜಂ ಓದಿನಲ್ಲಿ ಚುರುಕಾದರೂ ಊರಿಗೆ ಹೊಸಬನು. ಮೊದಲನೆಯ ಶಾಲೆಯಲ್ಲಿ ಕಿಟಕಿಯ ಗಾಜನ್ನೊಡೆದು ಸ್ವಾಮಿಯು ಹೊರಬೀಳುವನು. ಎರಡನೆಯದರಲ್ಲಿ ಬೆತ್ತಕ್ಕೆ ಹೆದರಿ ಓಡಿಹೋಗುವನು. ಓಡಿಹೋದುದರಿಂದ ಕ್ರಿಕೆಟ್ ಪಂದ್ಯವು ತಪ್ಪುವುದು. ಪಂದ್ಯ ತಪ್ಪಿದುದರಿಂದ ರಾಜಂನ ಸ್ನೇಹವೂ ತಪ್ಪುವುದು. ಕಡೆಗೆ ತಂದೆಗೆ ವರ್ಗವಾಗಿ ರಾಜಂ ರೈಲು ಹತ್ತುವನು. ಸ್ವಾಮಿಯು ಕಥೆಯ ಪುಸ್ತಕವೊಂದನ್ನು ಕಾಣಿಕೆಯಾಗಿ ಹಿಡಿದು ನಿಲ್ದಾಣಕ್ಕೆ ಧಾವಿಸುವನು. ಮಾಲಿಕೆಯಲ್ಲಿ ಮಾಲ್ಗುಡಿಯ ನಿಲ್ದಾಣವಾದ ಶಿವಮೊಗ್ಗೆ ಜಿಲ್ಲೆಯ ಅರಸಾಳು ಈಗ ಪ್ರೇಕ್ಷಣೀಯ ಸ್ಥಳವಾಗಿದೆ.

ಗ್ರಂಥಕರ್ತರ ಜೀವನವೂ ಇಲ್ಲಿ ಸ್ಮರಣಾರ್ಹವಾದುದು. ಅವರ ತಂದೆ ಮುಖ್ಯೋಪಾಧ್ಯಾಯರು; ಮಗನಾದರೋ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಒಂದು ವರ್ಷ ಮನೆಯಲ್ಲಿಯೇ ಓದುತ್ತ ಕುಳಿತರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿಗೆ ಇತರರಿಗಿಂತ ಒಂದು ವರ್ಷ ಹೆಚ್ಚಾಗಿ ಹಿಡಿಯಿತು. ಅನಂತರ ಹಿಡಿದ ಉಪಾಧ್ಯಾಯ ವೃತ್ತಿಯನ್ನೂ ಅಲ್ಪಕಾಲದಲ್ಲಿಯೇ ಬಿಟ್ಟರು. ಶಾಲೆಯು ಕಡೆಯ ಬೆಂಚಿನಿಂದ ಹೇಗೆ ಕಾಣುವುದೆಂಬುದನ್ನು ಅವರು ಕೇಳಿ ಬರೆದವರಲ್ಲ.

ಇಂತಹ ಕಥೆಗಳು ನಮ್ಮಲ್ಲಿ ಮಾತ್ರವೇ ಇರುವುವೆಂದಲ್ಲ. ಅಮೆರಿಕದಲ್ಲಿ ೧೯೮೨–೮೩ರಲ್ಲಿ ‘ಸ್ಕ್ವೇರ್ ಪೆಗ್ಸ್’ ಎಂಬ ಹಾಸ್ಯಮಾಲಿಕೆಯು ಬಂದಿತು. ದುಂಡು ರಂಧ್ರಕ್ಕೆ ಕೂರದ ಚೌಕಗೂಟಗಳೆಂದು ಅದರ ಹೆಸರಿನ ಭಾವ. ಪ್ರೌಢಶಾಲೆಯಲ್ಲಿ ಯಾರಿಗೂ ಬೇಡವಾದ ಇಬ್ಬರು ಹುಡುಗಿಯರ ಕಥೆ. ಇಪ್ಪತ್ತು ಕಂತುಗಳಿಗೆ ಅದು ಮುಗಿದುಹೋಯಿತು. ನಮ್ಮ ಸ್ವಾಮಿಯ ಕಥೆಯಂತೂ ಇನ್ನೂ ಕಿರಿದು. ಅಲ್ಪಾಯುಸ್ಸು ಇವಕ್ಕೆ ಕೊರತೆಯೆಂದು ನಮಗೆ ತೋರುವುದಿಲ್ಲ. ಬೆಂಚಿನ ಮೇಲಿನ ಗೆಳೆತನವೂ ಒಂದು ವರ್ಗಾವಣೆಯ ಆಜ್ಞೆಯಿಂದ ಮುಗಿಯತಕ್ಕದ್ದೇ ಅಲ್ಲವೆ?

ಈ ಸಲ ನೋಡುವಾಗ ನಮ್ಮ ಗಮನವು ಬೇರೊಂದು ಸಂಗತಿಯ ಮೇಲೆ ನೆಟ್ಟಿತು. ಸ್ವಾಮಿಯನ್ನು ತಿದ್ದಬೇಕೆಂದು ಕಥೆಯು ಎಲ್ಲಿಯೂ ಹೊರಡುವುದಿಲ್ಲ. ಅವನು ಕಡೆಯಲ್ಲಿ ಪ್ರಥಮ ದರ್ಜೆಯನ್ನೂ ಪಡೆಯುವುದಿಲ್ಲ. ಗಿರೀಶ ಕಾರ್ನಾಡರು ಅಭಿನಯಿಸಿದ ತಂದೆಯು ಗದರಿಸುವನು, ಲೆಕ್ಕ ಹೇಳಿಕೊಡುವನು. ಮಗನು ಕಾಣದಾದಾಗ ಇರುಳೆಲ್ಲ ಹುಡುಕುವನು. ಅಜ್ಜಿಯು ಕೇಳಲಿ ಬಿಡಲಿ ತನ್ನ ಕಥೆಯನ್ನು ಹೇಳುತ್ತಿರುವಳು. ಮಣಿಯು ನಿಲ್ದಾಣದವರೆಗೂ ಬರುವನು. ಇಷ್ಟು ಜನರು ಜೊತೆಯಲ್ಲಿರುವುದರಿಂದಲೇ ಎರಡು ಶಾಲೆಗಳಿಗೆ ಬೇಡವಾದವನು ಲೋಕಕ್ಕೆ ಬೇಡವಾದವನಾಗಲಿಲ್ಲ.

ಇದಕ್ಕೆ ನಿದರ್ಶನವನ್ನು ನಾವು ನಮ್ಮೂರಿನಲ್ಲಿಯೇ ಕಂಡಿರುವೆವು. ನೇಕಾರರ ಮನೆಯ ಹುಡುಗನೊಬ್ಬನು ನಮ್ಮ ತರಗತಿಯಲ್ಲಿದ್ದನು. ‘ರಾಮ’ ಶಬ್ದದ ಏಳು ವಿಭಕ್ತಿಗಳು ಅವನ ಬಾಯಲ್ಲಿ ಏಳು ಸಲ ಏಳು ವಿಧವಾಗಿ ಬರುತ್ತಿದ್ದುವು. ಆದರೆ ರೇಷ್ಮೆ ಸೀರೆಯ ಅಂಚಿನಲ್ಲಿ ಎಷ್ಟು ಎಳೆಗಳಿಗೆ ಬಣ್ಣ ತಿರುಗಬೇಕೆಂಬುದನ್ನು ಒಮ್ಮೆ ನೋಡಿದರೆ ಮರೆಯುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನು ಪ್ರತಿದಿನವೂ ಮನೆಗೆ ಹೋಗಿ ಕರೆತರುತ್ತಿದ್ದುದರಿಂದ ಅವನು ಹತ್ತನೆಯ ತರಗತಿಯವರೆಗೂ ಬಂದನು. ಆ ಗೆಳೆಯನಿಲ್ಲದಿದ್ದರೆ ಏಳನೆಯದಕ್ಕೇ ಮಗ್ಗದ ಗುಂಡಿಗೆ ಇಳಿಯುತ್ತಿದ್ದನು. ಇಂದು ಅವನಿಗೆ ಸ್ವಂತ ಮಗ್ಗಗಳಿವೆ. ಲೆಕ್ಕಪತ್ರವನ್ನು ತಾನೇ ಬರೆದಿಡುವನು.

ಇತ್ತ ಮೊಮ್ಮಗನು ರೈಲಿನ ದೃಶ್ಯವು ಮುಗಿದ ಮೇಲೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ತಾತ, ನಾನು ಹಾಸ್ಟೆಲಿಗೆ ಹೋದರೆ ನನ್ನ ಬೆಂಚಿನಲ್ಲಿ ಕೂರುವವನಿಗೆ ಯಾರಿರುತ್ತಾರೆ? ಅವನು ನನ್ನೊಬ್ಬನ ಹತ್ತಿರವೇ ಮಾತಾಡುವುದು” ಎಂದನು.

ಯಾರೊಡನೆಯೂ ಸೇರುವುದಿಲ್ಲವೆಂದು ಹೇಳಲ್ಪಟ್ಟ ಹುಡುಗನಿಗೆ ಒಬ್ಬ ಗೆಳೆಯನಿದ್ದನು. ಅವನ ವಿಷಯವು ಅಂಕಪಟ್ಟಿಯಲ್ಲಿರಲಿಲ್ಲ, ಹೆತ್ತವರಿಗೂ ತಿಳಿದಿರಲಿಲ್ಲ.

ಆ ರಾತ್ರಿಯೇ ಮಗಳಿಗೆ ಉತ್ತರ ಹೇಳಿದೆವು: “ಅಂಕಗಳು ಇಳಿದರೆ ಮತ್ತೆ ಏರಿಸಬಹುದಮ್ಮ; ಅದಕ್ಕೆ ಉಪಾಯಗಳುಂಟು. ಇವನಿಗೆ ಒಬ್ಬ ಗೆಳೆಯನಿದ್ದಾನೆ. ಮೊದಲು ಆ ಮಗುವನ್ನು ಒಂದು ದಿನ ಮನೆಗೆ ಊಟಕ್ಕೆ ಕರೆಯಿರಿ.” ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಅಪ್ಪ” ಎಂದಳು. ಅಳಿಯಂದಿರೂ ಯೋಚಿಸಿ ಒಪ್ಪಿದರು. ಈ ವರ್ಷವೂ ಅದೇ ಶಾಲೆ, ಅದೇ ಬೆಂಚು.

ಮಕ್ಕಳನ್ನು ಹೊಂದಿರುವ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗುವು ಶಾಲೆಯಿಂದ ಬಂದೊಡನೆ ಎಷ್ಟು ಅಂಕ ಬಂದಿತೆಂದು ಕೇಳುವುದು ಇದ್ದೇ ಇದೆ. ಪಕ್ಕದಲ್ಲಿ ಯಾರು ಕುಳಿತಿದ್ದರೆಂದೂ ಒಮ್ಮೆ ಕೇಳಿರಿ.