ಉಣಕಲ್ಲಿನ ಓಣಿಯಲ್ಲಿ ಒಂದು ಗುಡಿ

ಹುಬ್ಬಳ್ಳಿಯಲ್ಲಿ ನೋಡುವಂಥದ್ದು ಏನಿದೆ ಎಂದು ಹೊರಗಿನವರು ಕೇಳಿದರೆ ಇಲ್ಲಿಯವರಾದ ನಾವು ತುಸು ತಡವರಿಸುತ್ತೇವೆ. ಸಿದ್ಧಾರೂಢ ಮಠ, ಉಣಕಲ್ ಕೆರೆ, ಸಂಜೆಗೆ ಗಿರ್ಮಿಟ್ಟು ಮಿರ್ಚಿ ಎನ್ನುವಷ್ಟರಲ್ಲಿ ಬೆರಳು ನಿಂತುಬಿಡುತ್ತವೆ. ಬಾದಾಮಿಗೆ ಹೋಗ್ರಿ, ಹಂಪಿಗೆ ಹೋಗ್ರಿ ಎಂದು ಸಾಗಹಾಕುವುದು ಸುಲಭ. ಇದು ವ್ಯಾಪಾರದ ಊರು, ರೈಲಿನ ಊರು. ನಮ್ಮ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದು ಎಂದು 2023ರಲ್ಲಿ ದಾಖಲೆಯಾದ ಮೇಲಂತೂ ಹೆಮ್ಮೆಗೆ ಅದೊಂದೇ ಸಾಕಾಗಿದೆ.

ಹಳೆಯದು ಇಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಸಿಗುತ್ತದೆ. ನನ್ನದು ಹೆಬ್ಬಳ್ಳಿ. ಧಾರವಾಡದಲ್ಲಿ ನಮ್ಮ ಊರ ಹೆಸರು ಹೊತ್ತ ಒಂದು ಭಾಗವೇ ಇದೆ, ಹೆಬ್ಬಳ್ಳಿ ಅಗಸಿ. ಅಗಸಿ ಎಂದರೆ ಊರಬಾಗಿಲು. ಈಗ ಹೊತ್ತು ಮುಳುಗಿದರೆ ಮುಚ್ಚುವ ಬಾಗಿಲೂ ಇಲ್ಲ, ಕಾಯುವವರೂ ಇಲ್ಲ. ಆಟೋದವರ ಬಾಯಲ್ಲಿ ಮಾತ್ರ ಅಗಸಿ ಉಳಿದಿದೆ. ಹುಬ್ಬಳ್ಳಿಯ ದುರ್ಗದಬೈಲೂ ಹಾಗೆಯೇ. ದುರ್ಗವೂ ಇಲ್ಲ, ಬೈಲೂ ಇಲ್ಲ, ಸೀರೆ ಅಂಗಡಿ ಮತ್ತು ತಿಂಡಿಗಾಡಿಗಳ ನಡುವೆ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. 1673ರಲ್ಲಿ ಶಿವಾಜಿಯ ಸೈನ್ಯ ಇಲ್ಲಿನ ಇಂಗ್ಲಿಷರ ಕೋಠಿಯನ್ನು ಲೂಟಿ ಮಾಡಿತು ಎಂದರೆ ಕಾಲೇಜು ಹುಡುಗರು ನಂಬುವುದಿಲ್ಲ. ಲೂಟಿ ಮಾಡುವಷ್ಟು ಹತ್ತಿ-ಬಟ್ಟೆಯ ಸಿರಿವಂತಿಕೆ ಆಗಲೇ ಇತ್ತು ಎಂಬುದೇ ಅವರಿಗೆ ಹೊಸ ಸುದ್ದಿ.

ಹೆಸರಷ್ಟೇ ಅಲ್ಲದೆ ಕಲ್ಲೂ ಉಳಿದಿರುವ ಜಾಗ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಚಾಲುಕ್ಯರ ಕಾಲದ್ದು, ಸುಮಾರು ಒಂಬೈನೂರು ವರ್ಷ ಹಳೆಯದು. ಧಾರವಾಡದಿಂದ ಚಿಗರಿ ಬಸ್ಸು ಹತ್ತಿದರೆ ತಂಪು ಗಾಳಿಯಲ್ಲಿ ಕೂತು ಉಣಕಲ್ಲಿಗೆ ಇಳಿಯಬಹುದು. ಮೈಸೂರಿನ ಗೆಳತಿಯೊಬ್ಬಳನ್ನು ಕಳೆದ ಬೇಸಿಗೆಯಲ್ಲಿ ಕರೆದುಕೊಂಡು ಹೋಗಿದ್ದೆ. ಅಗಲವಾದ ರಸ್ತೆಯಿಂದ ಊರೊಳಗೆ ಹೊಕ್ಕರೆ ಒಮ್ಮೆಲೇ ಓಣಿ ಕಿರಿದಾಗುತ್ತದೆ. ಹಿತ್ತಿಲ ಗೋಡೆ, ಒಣಗಿಹಾಕಿದ ಬಟ್ಟೆ, ನಳದ ಮುಂದೆ ಸಾಲಾಗಿ ಕೊಡ. ಗುಡಿ ಎಲ್ಲಿ ಎಂದು ಅವಳು ಕೇಳುವಷ್ಟರಲ್ಲಿ ಅದರ ಎದುರಿಗೇ ನಿಂತಿದ್ದೆವು.

ನಾಲ್ಕೂ ದಿಕ್ಕಿಗೆ ಬಾಗಿಲಿರುವ ಗುಡಿ ಇದು. ಒಳಗೆ ನಾಲ್ಕು ಮುಖದ ಲಿಂಗ. ಮುಂದೆ ಯಾವುದು, ಹಿಂದೆ ಯಾವುದು ಎಂಬ ಪ್ರಶ್ನೆಯೇ ಬೇಡ, ಯಾವ ಓಣಿಯಿಂದ ಬಂದರೂ ದೇವರು ನಿಮ್ಮ ಕಡೆಗೇ ನೋಡುತ್ತಿರುತ್ತಾನೆ. ಬಾಗಿಲ ಚೌಕಟ್ಟಿನ ಪಟ್ಟಿಕೆಗಳ ಮೇಲೆ ಬೆರಳಾಡಿಸುತ್ತ ಗೆಳತಿ ಸುಮಾರು ಹೊತ್ತು ಮಾತಾಡಲಿಲ್ಲ. ನಮ್ಮ ಜಿಲ್ಲೆಯದೇ ಆದ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಥೆಯನ್ನು ಅಲ್ಲಿಯೇ ಹೇಳಿದೆ. 1050ರ ಸುಮಾರಿನ ಆ ಎಪ್ಪತ್ತಾರು ಕಂಬದ ಗುಡಿಯಿಂದಲೇ ಚಾಲುಕ್ಯ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಬಂದರು ಎನ್ನುತ್ತಾರೆ. ಮೆದು ಕಲ್ಲು, ಉಳಿಗೆ ಬಗ್ಗುತ್ತದೆ, ಕಂಬವನ್ನು ತಿರುಗಣಿಗೆ ಹಿಡಿದು ಕಡೆಯಬಹುದು. ಹೊಯ್ಸಳರ ಬೇಲೂರು ಹಳೇಬೀಡು ನೋಡಿ ಬೆಳೆದ ಮೈಸೂರಿನವಳಿಗೆ ಆ ಕುಸುರಿಯ ಬೇರು ನಮ್ಮ ಸೀಮೆಯಲ್ಲಿದೆ ಎಂದು ಹೇಳುವಾಗ ನನ್ನ ದನಿ ಸ್ವಲ್ಪ ಏರಿರಬೇಕು!

ಗುಡಿಗೆ ಎದುರಾಗಿದ್ದ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ನಮ್ಮನ್ನೇ ನೋಡುತ್ತಿದ್ದಳು. ಗೆಳತಿ ಮೊಬೈಲು ಎತ್ತಿದ ಕೂಡಲೇ ಎದ್ದು ಹಗ್ಗದ ಮೇಲಿನ ಬಟ್ಟೆ ತೆಗೆಯತೊಡಗಿದಳು.

“ಇರ್ಲಿ ಬಿಡಬೇ ಅಮ್ಮಾ, ಯಾಕ ತಗಿತೀ?” ಎಂದೆ.

“ಪೋಟೋದಾಗ ನಮ್ಮ ಮನಿ ಬರಬಾರದಂತ ಎಲ್ಲಾರೂ ಹೇಳ್ತಾರವ್ವಾ. ರೂಢಿ ಆಗೇತಿ,” ಎಂದಳು.

ಆಮೇಲೆ ಮಾಡಿನ ಕಡೆ ಕೈ ತೋರಿಸಿದಳು. ಒಂದು ಮೂಲೆಗೆ ನೀಲಿ ತಾಡಪಾಲು ಹೊದಿಸಿ ಕಲ್ಲು ಹೇರಿತ್ತು. ಮಳೆಗಾಲ ಬರುವುದರೊಳಗೆ ಸರಿಮಾಡಿಸಬೇಕು, ಆದರೆ ಅದಕ್ಕೂ ಪರವಾನಗಿ ಬೇಕಂತೆ.

ಬೇಕು, ನಿಜ. 2010ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಬಹುದು. ನಿಯಮದ ಹಿಂದಿನ ಕಾರಣ ಸರಿಯಾದದ್ದೇ. ಪಾಯ ಅಗೆಯುವ ಯಂತ್ರ ಪಕ್ಕದಲ್ಲಿ ಬಂದು ನಿಂತರೆ ಒಂಬೈನೂರು ವರ್ಷದ ಗೋಡೆ ಏನು ತಡೆದೀತು? ಈ ಕಾನೂನು ಇಲ್ಲದಿದ್ದರೆ ಗುಡಿಯ ತಲೆಯ ಮೇಲೆ ಇಷ್ಟರೊಳಗೆ ನಾಲ್ಕಂತಸ್ತು ಎದ್ದಿರುತ್ತಿತ್ತು. ಆದರೆ ನೂರು ಮೀಟರು ಎಂಬುದು ಬಯಲಿನಲ್ಲಿ ನಿಂತ ಗುಡಿಗೆ ಒಂದು ಗೆರೆ, ಓಣಿಯಲ್ಲಿ ನಿಂತ ಗುಡಿಗೆ ಅರ್ಧ ಊರು.

ಮನೆಗಳನ್ನೇ ಬೇರೆಡೆಗೆ ಸಾಗಿಸಿ ಸುತ್ತ ಉದ್ಯಾನ ಮಾಡಬೇಕು ಎಂಬ ಬೇಡಿಕೆ ಪತ್ರಿಕೆಗಳಲ್ಲಿ ವರ್ಷವರ್ಷವೂ ಕಾಣಿಸುತ್ತದೆ. ಗುಡಿ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೂ ನನಗೆ ಹಂಪಿ ನೆನಪಾಗುತ್ತದೆ. 2011ರಲ್ಲಿ ವಿರೂಪಾಕ್ಷನ ಎದುರಿನ ಬಜಾರಿನ ಮನೆ ಅಂಗಡಿಗಳನ್ನು ಕೆಡವಿದರು. ಕಲ್ಲು ಮಂಟಪಗಳ ಸಾಲು ಈಗ ನೇರವಾಗಿ, ಚೊಕ್ಕಟವಾಗಿ ಕಾಣುತ್ತದೆ. ಬೆಳಿಗ್ಗೆ ಅಲ್ಲಿ ರಂಗೋಲಿ ಹಾಕುವವರು ಮಾತ್ರ ಇಲ್ಲ. ಉಣಕಲ್ಲಿನವರು ತಾವಾಗಿ ಒಪ್ಪಿ, ಹತ್ತಿರದಲ್ಲೇ ಜಾಗ ಪಡೆದು ಹೋಗುವುದಾದರೆ ಬೇಡ ಎನ್ನಲು ನಾನ್ಯಾರು? ಸೋರುವ ಮಾಡಿನ ಕೆಳಗೆ ಕೂತವರಿಗೆ ನನ್ನ ರಂಗೋಲಿಯ ಮೋಹ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಅಲ್ಲಿಯವರೆಗೆ ಹೆಂಚು ಬದಲಿಸುವಂಥ ಸಣ್ಣ ದುರಸ್ತಿಯ ಪರವಾನಗಿಯಾದರೂ ಓಣಿಯಲ್ಲೇ ಸಿಗುವಂತಾಗಬೇಕು, ಅರ್ಜಿ ಬರೆದುಕೊಡಲು ಒಬ್ಬರಾದರೂ ಅಲ್ಲಿಗೇ ಬರಬೇಕು. ಗುಡಿಯ ಇತಿಹಾಸ ಬರೆದ ಫಲಕದ ಪಕ್ಕದಲ್ಲಿ ಈ ನಿಯಮವನ್ನೂ ಸರಳ ಕನ್ನಡದಲ್ಲಿ ಬರೆದು ಹಾಕಿದರೆ ಖರ್ಚೇನೂ ಹೆಚ್ಚಲ್ಲ.

ಗುಡಿಯನ್ನು ಇನ್ನೊಂದು ಸುತ್ತು ಹಾಕಿದೆವು. ಪಡುವಣ ಬಾಗಿಲ ಮೆಟ್ಟಿಲ ಮೇಲೆ ಇಬ್ಬರು ಹುಡುಗರು ಶಾಲೆಯ ಚೀಲ ಬಿಚ್ಚಿ ಮಗ್ಗಿ ಬರೆಯುತ್ತಿದ್ದರು. ಒಳಗಿನ ನೆಲ ತಣ್ಣಗಿತ್ತು. ಗೆಳತಿ ಅಜ್ಜಿಯ ಹತ್ತಿರ ಹೋಗಿ, ಬಟ್ಟೆ ಮತ್ತೆ ಹಾಕಿಬಿಡಿ, ನೀವೂ ಕಟ್ಟೆಯ ಮೇಲೆ ಕೂಡ್ರಿ ಎಂದಳು. ಅಜ್ಜಿ ನಕ್ಕು ಸೆರಗು ಸರಿಮಾಡಿಕೊಂಡಳು, ಆದರೆ ತಾಡಪಾಲು ಕಾಣಬಾರದು ಎಂದು ಹಟ ಹಿಡಿದಳು.