ಮೊಂತೋನೆಯ ಬೆಟ್ಟದ ಮೇಲೆ ನಮ್ಮವರು

ಪೆರುಜಿಯಾ ದಾಟಿ ಉತ್ತರಕ್ಕೆ ಹೊರಟರೆ ಟೈಬರ್ ನದಿ ಜೊತೆಗೇ ಬರುತ್ತದೆ. ಉಂಬೆರ್ತೀದೆಯ ಆಚೆ ಬಲಕ್ಕೆ ತಿರುಗಿ, ಆಲಿವ್ ತೋಪುಗಳ ನಡುವೆ ಏರು ಹತ್ತಿದರೆ ಮೊಂತೋನೆ. ಕಲ್ಲಿನ ಮನೆ, ಕಲ್ಲಿನ ಓಣಿ, ಸುತ್ತ ಹಳೆಯ ಕೋಟೆಗೋಡೆ. ಊರಿನ ಜನಸಂಖ್ಯೆ 2,000 ಕೂಡ ಇಲ್ಲ.

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 4ರಂದು ರೋಮ್ ಕಳೆದುಕೊಂಡ ಜರ್ಮನ್ನರು ಉತ್ತರದಲ್ಲಿ ಗಾಥಿಕ್ ಲೈನ್ ಎಂಬ ರಕ್ಷಣಾ ಸಾಲನ್ನು ಭದ್ರಪಡಿಸಲು ಕಾಲ ಬೇಕಾಗಿ, ಹಿಂದೆ ಸರಿಯುತ್ತಲೇ ಒಂದೊಂದು ಗುಡ್ಡಕ್ಕೂ ಕಾದಾಡಿದರು. ಮೊಂತೋನೆಯ ಕೋಟೆಗೋಡೆಯ ಬಳಿ ನಿಂತರೆ ಆ ಕಾದಾಟದ ಲೆಕ್ಕಾಚಾರ ತಿಳಿಯುತ್ತದೆ. ಕಣಿವೆಯ ರಸ್ತೆ, ಹೊಲ, ನದಿ ಎಲ್ಲ ಇಲ್ಲಿಂದ ನಿಚ್ಚಳ. ಕೆಳಗಿನಿಂದ ಹತ್ತಿ ಬರುವವನಿಗೆ ಮರೆಯೇ ಇಲ್ಲ.

ಹಾಗೆ ಹತ್ತಿ ಬಂದದ್ದು ಭಾರತದ 10ನೇ ಡಿವಿಜನ್. ಜುಲೈ ಆರಂಭದಲ್ಲಿ ಮೊಂತೋನೆ ಬಿಡುಗಡೆಯಾಯಿತು. ಆದರೆ ಸುತ್ತಲಿನ ದಿಣ್ಣೆಗಳಲ್ಲಿ ಹೋರಾಟ ನಿಲ್ಲಲಿಲ್ಲ. ಜುಲೈ 10ರಂದು ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಯಕ್ ಯಶವಂತ ಘಾಡ್ಗೆಯವರ ತುಕಡಿಯ ಮೇಲೆ ಹತ್ತಿರದಿಂದಲೇ ಮೆಷಿನ್‌ಗನ್ ಗುಂಡು ಸುರಿಯಿತು. ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡು ಬಿದ್ದರು. ಯಶವಂತ ಒಬ್ಬರೇ ನುಗ್ಗಿದರು. ಗ್ರೆನೇಡ್ ಎಸೆದು ಮೆಷಿನ್‌ಗನ್ ಅಡಗಿಸಿದರು, ಒಬ್ಬನನ್ನು ಗುಂಡಿಕ್ಕಿ ಕೊಂದರು. ಮ್ಯಾಗಜಿನ್ ಬದಲಿಸಲು ಪುರುಸೊತ್ತಿರಲಿಲ್ಲ. ಉಳಿದಿಬ್ಬರನ್ನು ಬಂದೂಕಿನಿಂದಲೇ ಬಡಿದು ಮುಗಿಸಿದರು. ಅಷ್ಟರಲ್ಲಿ ಮರೆಯಲ್ಲಿದ್ದವನೊಬ್ಬನ ಗುಂಡು ತಾಗಿತು. ಆಗ ಅವರ ವಯಸ್ಸು 22. ವಿಕ್ಟೋರಿಯಾ ಕ್ರಾಸ್ ಮರಣಾನಂತರ ಬಂತು.

ಕೊಂಕಣದ ಹಳ್ಳಿಯ ಹುಡುಗ ಅವರು. ಆ ರೆಜಿಮೆಂಟಿನ ಕೇಂದ್ರ 1922ರಿಂದಲೂ ನಮ್ಮ ಬೆಳಗಾವಿಯಲ್ಲಿದೆ. ಇಟಲಿಯ ರಣಾಂಗಣದಲ್ಲಿ ನೀಡಲಾದ 20 ವಿಕ್ಟೋರಿಯಾ ಕ್ರಾಸ್‌ಗಳಲ್ಲಿ 6 ಭಾರತೀಯರ ಪಾಲಿಗೆ ಬಂದವು. ಅಲ್ಲಿ ಮಡಿದ ನಮ್ಮವರು 5,782. ಇಷ್ಟು ದೊಡ್ಡ ತ್ಯಾಗ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟದಷ್ಟಾದರೂ ಇರಬೇಕಿತ್ತು.

ಮೊಂತೋನೆ ಮರೆತಿಲ್ಲ. 2023ರ ಜುಲೈನಲ್ಲಿ ಊರಿನ ಆಡಳಿತವೂ ಇಟಲಿಯ ಸೇನಾ ಇತಿಹಾಸಕಾರರೂ ಸೇರಿ ಯಶವಂತರ ಹೆಸರಿನಲ್ಲಿ ಒಂದು ನೆರಳುಗಡಿಯಾರ ನಿಲ್ಲಿಸಿದರು. ನಾವೆಲ್ಲರೂ ಒಂದೇ ಸೂರ್ಯನ ಕೆಳಗಿನವರು ಎಂಬುದು ಅದರ ಧ್ಯೇಯವಾಕ್ಯ.

ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಪಟ್ಟಿ ಮಾಡುವವರು ಮೊಂತೋನೆಗೂ ಒಂದು ದಿನ ಕೊಡಿ. ಹಾಗೇ ಕ್ಯಾಸಿನೋ ಕಡೆ ಹೋದರೆ, ಅಲ್ಲಿನ ಯುದ್ಧ ಸ್ಮಾರಕದಲ್ಲಿ ಯಶವಂತ ಘಾಡ್ಗೆಯವರ ಹೆಸರು ಹುಡುಕಿ ಓದಿ. ಅವರಿಗೆ ಬೇರೆ ಸಮಾಧಿ ಇಲ್ಲ.