ಅತ್ತೆಯವರ ಉತ್ತತ್ತಿ

ಪಂಚಾಂಗದ ಲೆಕ್ಕ ಹಿಡಿದರೆ ವಸಂತ ಋತು ಬರುವುದು ಯುಗಾದಿಗೆ. ಆದರೆ ನಮ್ಮ ಕೂಡ್ಲಿಗಿ ಸೀಮೆಯ ಹೆಂಗಸರನ್ನು ಕೇಳಿ ನೋಡಿ, "ಕೊಟ್ಟೂರು ತೇರಿಗೇ ಬಂತಲ್ಲವ್ವಾ!" ಎಂದಾರು. ಮಾಘ ಮಾಸ ಮುಗಿಯುತ್ತಾ ಬಂದಂತೆ ಬೆಳಗಿನ ಚಳಿ ಕಾಲು ಕೀಳುತ್ತದೆ. ಗುಡೇಕೋಟೆ ಕಡೆಯ ಗುಡ್ಡಗಳಲ್ಲಿ ಮುತ್ತುಗ ಕೆಂಪಗೆ ಹೂ ಬಿಡುತ್ತದೆ. ಹುಣಿಸೆಮರ ಬಡಿಯುವ ಕಾಲವೂ ಅದೇ. ಬೀದಿಯ ಹೆಂಗಸರೆಲ್ಲ ಒಂದು ಕಟ್ಟೆಗೆ ಸೇರಿ ಹುಣಿಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಕುಳಿತರೆ ಸಂಜೆಯಾದದ್ದೇ ತಿಳಿಯುವುದಿಲ್ಲ. ವರ್ಷವಿಡೀ ಒಲೆಯ ಮುಂದಿರುವ ನಮಗೆ ಬಯಲಿನ ಗಾಳಿ ಸಿಗುವುದು ಆ ದಿನಗಳಲ್ಲೇ.

ಅಷ್ಟರಲ್ಲಿ ರಸ್ತೆಯ ಮೇಲೆ ಪಾದಯಾತ್ರೆಯವರು ಕಾಣಿಸಿಕೊಳ್ಳುತ್ತಾರೆ. ನಮ್ಮೂರಿನಿಂದ ಕೊಟ್ಟೂರು ೨೦ ಚಿಲ್ಲರೆ ಕಿಲೋಮೀಟರು. ಮಾಘ ಬಹುಳ ದಶಮಿಯ ಸುಮಾರಿಗೆ, ಮೂಲಾ ನಕ್ಷತ್ರ ಕೂಡುವ ಹೊತ್ತು ನೋಡಿ, ಸಂಜೆ ಗುರು ಕೊಟ್ಟೂರೇಶ್ವರನ ತೇರು ಎಳೆಯುತ್ತಾರೆ. ಅದಕ್ಕಾಗಿ ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ ಕಡೆಯಿಂದೆಲ್ಲ ಜನ ನಡೆದೇ ಬರುತ್ತಾರೆ. ದಾರಿಯ ಊರುಗಳವರು ಅವರಿಗೆ ಊಟ, ಮಜ್ಜಿಗೆ, ಕಾಲಿಗೆ ಬಿಸಿನೀರು ಎಂದು ಉಪಚಾರಕ್ಕೆ ನಿಲ್ಲುತ್ತಾರೆ. ಕರೆಯುವವರಿಲ್ಲ, ಲೆಕ್ಕ ಬರೆಯುವವರಿಲ್ಲ.

ನಮ್ಮ ಮನೆಯಿಂದ ಮಜ್ಜಿಗೆ. ಒಂದು ಲೀಟರು ಗಟ್ಟಿ ಮೊಸರಿಗೆ ನಾಲ್ಕು ಲೀಟರು ನೀರು ಹಾಕಿ ಕಡೆಯಬೇಕು. ಹಸಿಶುಂಠಿ, ಎರಡು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿಯನ್ನು ಒರಳಲ್ಲಿ ಜಜ್ಜಿ ಹಾಕಿ, ಉಪ್ಪು, ಚಿಟಿಕೆ ಇಂಗು ಸೇರಿಸಿದರೆ ಆಯಿತು. ನಡೆದು ಬೆವರಿದವರಿಗೆ ಉಪ್ಪು ಒಂದಿಷ್ಟು ಮುಂದಿದ್ದರೇ ಒಳ್ಳೆಯದು. ಮಣ್ಣಿನ ಕೊಡದಲ್ಲಿಟ್ಟರೆ ಮಧ್ಯಾಹ್ನದವರೆಗೂ ತಣ್ಣಗಿರುತ್ತದೆ.

ಇಷ್ಟೆಲ್ಲ ಹೇಳುವ ನಾನು ಏಳು ವರ್ಷ ತೇರಿನ ಕಡೆ ಮುಖ ಹಾಕಲಿಲ್ಲ ಎಂದರೆ ನೀವು ನಂಬುತ್ತೀರಾ?

೨೦೧೭ರ ಫೆಬ್ರವರಿ ೨೧ರಂದು ಕೊಟ್ಟೂರಿನ ತೇರು ಸಾಗುತ್ತಿದ್ದಾಗಲೇ ಅಚ್ಚು ಮುರಿದು ವಾಲಿ ಬಿದ್ದಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಸಂಜೆ ನಾನು ಅಲ್ಲಿದ್ದೆ. ತೇರಿನಿಂದ ಬಹಳ ದೂರದಲ್ಲೇ ನಿಂತಿದ್ದೆ. ಆರು ವರ್ಷದ ಮಗನ ಕೈ ಹಿಡಿದಿದ್ದೆ. ಅಷ್ಟೆತ್ತರದ ತೇರು ಒಂದು ಕಡೆ ವಾಲಿದ್ದೇ ತಡ, ಜನ ಹೋ ಎಂದು ಕೂಗುತ್ತಾ ಹಿಂದಕ್ಕೆ ನುಗ್ಗಿದರು. ಕಣ್ಣು ಬಿಟ್ಟು ನೋಡಿದರೆ ನನ್ನ ಕೈ ಖಾಲಿ.

ಆ ಅರ್ಧ ಗಂಟೆಯನ್ನು ನಾನು ಬರೆಯಲಾರೆ. ತಾಯಂದಿರಾದ ನೀವೇ ಊಹಿಸಿಕೊಳ್ಳಿ. ಕೊನೆಗೆ ಹುಡುಗ ಸಿಕ್ಕಿದ್ದು ಮಂಡಕ್ಕಿ ಅಂಗಡಿಯೊಂದರ ಹಲಗೆಯ ಮೇಲೆ. ಅಂಗಡಿಯ ಮುದುಕಿ ಅವನನ್ನು ಸೆರಗಿನಲ್ಲಿ ಬಳಸಿಕೊಂಡು ಕೂತಿದ್ದಳು. "ಅಳಬ್ಯಾಡವ್ವಾ, ನಿನ್ ಮಗ ಎಲ್ಲಿಗೂ ಹೋಗಿಲ್ಲ. ಮಂಡಕ್ಕಿ ತಿನ್ಕೊಂತ ಕುಂತಾನ ನೋಡು" ಎಂದಳು. ನಾನು ಅವಳ ಹೆಸರನ್ನೂ ಕೇಳಲಿಲ್ಲ. ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿಬಿಟ್ಟೆ.

ಮಾರನೆಯ ವರ್ಷದಿಂದ ತೇರು ಬಂದರೆ ನಮ್ಮ ಮನೆಯಲ್ಲಿ ಏನಾದರೊಂದು ನೆಪ. ಒಮ್ಮೆ ಮಗನಿಗೆ ಕೆಮ್ಮು, ಒಮ್ಮೆ ಪರೀಕ್ಷೆ, ಒಮ್ಮೆ ನನಗೇ ತಲೆನೋವು. ಮಗ ಕೇಳಿದ, ಬೈದೆ. ನಮ್ಮ ಮನೆಯವರು ಒಂದೆರಡು ಸಲ ಹೇಳಿ ಸುಮ್ಮನಾದರು. ಅತ್ತೆಯವರು ಮಾತ್ರ ಒಂದು ಸಲವೂ ಕೇಳಲಿಲ್ಲ. ಮಂಡಿನೋವು ಹತ್ತುವವರೆಗೂ ವರ್ಷ ತಪ್ಪದೆ ಕೊಟ್ಟೂರಿಗೆ ನಡೆದು ಹೋದವರು ಅವರು. ನೋವು ಹತ್ತಿದ ಮೇಲೆ ನಮ್ಮ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು. ನಾನು ನಿಲ್ಲಿಸಿದೆ, ಅವರದೂ ನಿಂತಿತು. "ವಯಸ್ಸಾಯಿತು, ಅವರಿಗೆ ಬೇಕಿಲ್ಲ" ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

೨೦೨೪ರಲ್ಲಿ ತೇರು ಬಂದಿದ್ದು ಮಾರ್ಚ್ ಮೊದಲ ವಾರದಲ್ಲಿ. ಹಿಂದಿನ ಮಳೆಗಾಲ ಕೈ ಕೊಟ್ಟ ವರ್ಷ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅತ್ತೆಯವರು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಬಂದವರನ್ನೆಲ್ಲ "ಯಾವೂರವ್ವಾ ನಿಮ್ದು?" ಎಂದು ಕೇಳುತ್ತಾ ಮಜ್ಜಿಗೆ ಕೊಡುತ್ತಿದ್ದರು. ಇನ್ನೊಂದು ಕೊಡ ತರಲು ಒಳಗೆ ಹೋಗಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವರು ಸೆರಗಿನ ಗಂಟು ಬಿಚ್ಚಿ, ನಾಲ್ಕು ಉತ್ತತ್ತಿ ತೆಗೆದು, ಗುರುತಿಲ್ಲದ ಒಬ್ಬ ಹುಡುಗಿಯ ಕೈಗೆ ಹಾಕುತ್ತಿದ್ದರು. "ತೇರಿಗೆ ನನ್ನ ಹೆಸರಲ್ಲಿ ಎಸೆದು ಬಾ ತಾಯಿ. ನಮ್ಮ ಮನೇಲಿ ಯಾರೂ ಹೋಗಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನೂ ಒಂದು ಉತ್ತರ ಕೊಡುತ್ತಿದ್ದೆನೇನೋ. ಆಮೇಲೆ ತಿಳಿಯಿತು, ಪ್ರತಿ ವರ್ಷವೂ ಅವರು ಹೀಗೇ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರಂತೆ. ನನ್ನ ಹೆದರಿಕೆಯನ್ನು ನಾನೊಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅದನ್ನು ಮನೆಮಂದಿಯ ತಲೆ ಮೇಲೆಲ್ಲ ಹೊರಿಸಿಬಿಟ್ಟಿದ್ದೆ.

ರಾತ್ರಿ ರೊಟ್ಟಿ ತಟ್ಟುತ್ತಾ, "ಅತ್ತೆ, ನಾಡಿದ್ದು ಹೋಗೋಣೇನು?" ಎಂದೆ. ಅವರು ನನ್ನ ಮುಖ ನೋಡಿ, "ನಿನಗೆ ಆಗತೈತೇನವ್ವಾ?" ಎಂದರು. ಅಷ್ಟೇ.

ಹೊರಟೆವು. ನೆಗೆಣ್ಣಿಯ ತವರುಮನೆ ಕೊಟ್ಟೂರಿನಲ್ಲೇ, ತೇರು ಬೀದಿಯ ಸನಿಹ. ಬೆಳಿಗ್ಗೆಯೇ ಹೋಗಿ ಅವರ ಮಾಳಿಗೆ ಸೇರಿದೆವು. ಈ ಸಲ ಮೊದಲೇ ಯೋಚನೆ ಮಾಡಿದ್ದೆ. ಮಕ್ಕಳೊಂದಿಗೆ ಜಾತ್ರೆಗೆ ಹೋಗುವ ಸೋದರಿಯರೂ ಇದನ್ನು ಗಮನಿಸಿ. ಮಗುವಿನ ಜೇಬಿನಲ್ಲಿ ಹೆಸರು, ಫೋನ್ ನಂಬರು ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕೆಂದು ಒಂದು ಗುರುತಿನ ಜಾಗ ತೋರಿಸಿಡಿ. ತೇರಿನ ಚಕ್ರದ ಹತ್ತಿರಕ್ಕೂ ಹಗ್ಗದ ಹತ್ತಿರಕ್ಕೂ ಮಕ್ಕಳನ್ನು ಬಿಡಬೇಡಿ. ತೇರು ನಿಂತ ಮೇಲೂ ಜನ ಕರಗುವ ತನಕ ಇದ್ದಲ್ಲೇ ಇರಿ.

ಸಂಜೆ ಸಮಾಳ, ನಂದಿಕೋಲು ಬಂದವು. ದಲಿತ ಹೆಣ್ಣುಮಗಳು ಆರತಿ ಬೆಳಗಿದ ಮೇಲೆಯೇ ತೇರು ಕದಲುವುದು ಕೊಟ್ಟೂರಿನ ಸಂಪ್ರದಾಯ. ತೇರು ಕದಲಿದಾಗ ನನ್ನ ಎದೆ ನಗಾರಿಯಂತೆ ಹೊಡೆದುಕೊಂಡಿತು. ಆಗ ನನ್ನ ಕೈ ಹಿಡಿದದ್ದು ಮಗ. ಹದಿಮೂರು ವರ್ಷ, ನನ್ನಷ್ಟೇ ಎತ್ತರ. "ಅಮ್ಮಾ, ಗಟ್ಟಿಯಾಗಿ ಹಿಡಕೋ" ಎಂದ.

ಅತ್ತೆಯವರು ಸೆರಗಿನ ಗಂಟಿನಿಂದ ಉತ್ತತ್ತಿ ತೆಗೆದು, ಕಣ್ಣು ಮುಚ್ಚಿ ಎಸೆದರು. ಅದು ತೇರಿನ ತನಕ ಎಲ್ಲಿ ಹೋಗಬೇಕು? ಕೆಳಗೆ ನಿಂತಿದ್ದವನೊಬ್ಬನ ತಲೆಗೆ ಬಿತ್ತು! ಅವನು ಮೇಲೆ ನೋಡಿ, ನಕ್ಕು, ಅದನ್ನೆತ್ತಿ ತೇರಿಗೆ ತಾನೇ ಎಸೆದ. ಅತ್ತೆಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮದುವೆಯಾಗಿ ಬಂದ ಮೇಲೆ ಎಷ್ಟು ಸಲ ನೋಡಿದ್ದೇನೋ, ಬೆರಳಲ್ಲಿ ಎಣಿಸಬಹುದು.

ಮರುದಿನ ಬೆಳಿಗ್ಗೆ ಅಂಗಡಿ ಸಾಲಿನಲ್ಲಿ ಆ ಮಂಡಕ್ಕಿ ಮುದುಕಿಯನ್ನು ಹುಡುಕಿದೆ. ಕಾಣಲಿಲ್ಲ. ಬೇರೊಬ್ಬಳ ಹತ್ತಿರ ಎರಡು ಸೇರು ಮಂಡಕ್ಕಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು ಬಂದೆ. ಈಗ ತೇರು ಹತ್ತಿರ ಬಂತೆಂದರೆ ಅತ್ತೆಯವರ ಉತ್ತತ್ತಿ ಬೇರೆಯವರ ಕೈಗೆ ಹೋಗುವುದಿಲ್ಲ. ನಿಮ್ಮ ಮನೆಯ ಹಿರಿಯರ ಸೆರಗಿನ ಗಂಟಿನಲ್ಲಿ ಏನಿದೆ? ಒಮ್ಮೆ ಕೇಳಿ ನೋಡಿ.